‘ರೋಬೋಕಾಪ್’ ಮರುನಿರ್ಮಾಣ ಅರ್ಧಕ್ಕೇ ಕೈಬಿಟ್ಟ ಪ್ರಶ್ನೆ

ಹೆಸರಾಂತ ಹಳೆಯ ಸಿನಿಮಾವನ್ನು ಮತ್ತೆ ತೆಗೆಯುತ್ತಾರೆ ಎಂದೊಡನೆ ಮೂಗು ಮುರಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. 2014ರ ‘ರೋಬೋಕಾಪ್’ ಕೂಡ ಈ ಅಸಡ್ಡೆಯಿಂದ ಪಾರಾಗಲಿಲ್ಲ. ಅಷ್ಟು ಸುಲಭವಾಗಿ ತಳ್ಳಿಹಾಕುವಂಥ ಚಿತ್ರ ಅದಲ್ಲ ಎಂದು ನಾನು ನಂಬಿದ್ದೇನೆ. ಅದರ ಮೇಲೆ ನನಗಿರುವ ಸಿಟ್ಟು ಬೇರೆಯೇ ಕಾರಣಕ್ಕೆ.

1987ರ ಮೂಲ ಚಿತ್ರವನ್ನು ನಿರ್ದೇಶಿಸಿದವರು ಹಾಲೆಂಡಿನಿಂದ ಹಾಲಿವುಡ್‌ಗೆ ಬಂದ ಪಾಲ್ ವರ್ಹೂವನ್. ದಿವಾಳಿಯ ಅಂಚಿನಲ್ಲಿರುವ ಡೆಟ್ರಾಯಿಟ್ ನಗರದ ಪೊಲೀಸ್ ವ್ಯವಸ್ಥೆಯನ್ನು ಖಾಸಗಿ ಕಂಪನಿಯೊಂದು ವಹಿಸಿಕೊಂಡಿರುತ್ತದೆ. ದುಷ್ಕರ್ಮಿಗಳ ಗುಂಡಿಗೆ ಛಿದ್ರವಾದ ಮರ್ಫಿ ಎಂಬ ಪೊಲೀಸನ ದೇಹವನ್ನು ಅದೇ ಕಂಪನಿ ಯಂತ್ರವಾಗಿ ಮಾರ್ಪಡಿಸುತ್ತದೆ. ವೈದ್ಯರು ಅವನ ಒಂದು ತೋಳನ್ನು ಉಳಿಸಿದ್ದೇವೆ ಎಂದು ಹೇಳಿದಾಗ, ಅದನ್ನೂ ತೆಗೆದುಹಾಕಿ ಎಂದು ಕಂಪನಿಯ ಅಧಿಕಾರಿ ಆಜ್ಞಾಪಿಸುತ್ತಾನೆ. ಅದಕ್ಕೂ ಮುಂಚಿನ ಇನ್ನೊಂದು ದೃಶ್ಯವಂತೂ ಮರೆಯುವಂಥದ್ದಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಇಡಿ-209 ಎಂಬ ದೈತ್ಯ ಯಂತ್ರದ ಪ್ರಾತ್ಯಕ್ಷಿಕೆ ನಡೆಯುತ್ತದೆ. ಅದರ ಮುಂದೆ ಪಿಸ್ತೂಲು ಹಿಡಿದು ನಿಂತ ಕಿರಿಯ ನೌಕರ, ಯಂತ್ರ ಎಚ್ಚರಿಸಿದೊಡನೆ ಆಯುಧವನ್ನು ಕೆಳಗೆ ಹಾಕುತ್ತಾನೆ. ಅದು ಯಂತ್ರಕ್ಕೆ ತಿಳಿಯುವುದಿಲ್ಲ. ಎಣಿಕೆ ಮುಗಿಸಿ ಅವನನ್ನು ಚಿಂದಿ ಮಾಡುತ್ತದೆ. ಹೆಣ ಇನ್ನೂ ಅಲ್ಲೇ ಬಿದ್ದಿರುವಾಗ ಕಂಪನಿಯ ಮುಖ್ಯಸ್ಥ, ಕೆಲಸ ತಡವಾದರೆ ಬಡ್ಡಿಯೊಂದೇ ಐದು ಕೋಟಿ ಡಾಲರ್ ಆಗಬಹುದು ಎಂದು ಕಿಡಿಕಾರುತ್ತಾನೆ. ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದ ಕಾಲದ ಅಮೆರಿಕಕ್ಕೆ ಇದಕ್ಕಿಂತ ನಿಷ್ಠುರವಾದ ಮಾತನ್ನು ಆಗಿನ ಯಾವ ಸಾಹಸ ಚಿತ್ರವೂ ಹೇಳಿದಂತೆ ನನಗೆ ಕಾಣುವುದಿಲ್ಲ.

ಮರುನಿರ್ಮಾಣದ ಹೊಣೆ ಹೊತ್ತವರು ಬ್ರೆಜಿಲ್‌ನ ಜೋಸೆ ಪಡೀಲಾ. ರಿಯೋ ನಗರದ ಪೊಲೀಸ್ ಹಿಂಸೆಯ ಬಗ್ಗೆ ತೆಗೆದ ಚಿತ್ರಕ್ಕೆ 2008ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದಿದ್ದ ಅವರು ಈ ಕಥೆಗೆ ತಕ್ಕ ನಿರ್ದೇಶಕರೇ ಆಗಿದ್ದರು. ಚಿತ್ರ ಆರಂಭವಾಗುವುದು ಟೆಹರಾನ್‌ನಲ್ಲಿ. ಅಮೆರಿಕದ ರೋಬೋಟುಗಳು ಬೀದಿ ಬೀದಿಯಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವುದನ್ನು ಟಿವಿ ವಾಹಿನಿ ಹೆಮ್ಮೆಯಿಂದ ನೇರಪ್ರಸಾರ ಮಾಡುತ್ತಿರುತ್ತದೆ. ಚಾಕು ಹಿಡಿದು ಹೊರಗೋಡಿ ಬಂದ ಹುಡುಗನೊಬ್ಬನನ್ನು ಯಂತ್ರ ಗುಂಡಿಟ್ಟು ಕೊಲ್ಲುವ ಹೊತ್ತಿಗೆ ಪ್ರಸಾರ ನಿಂತುಹೋಗುತ್ತದೆ. ಡ್ರೋನ್ ದಾಳಿಗಳ ಸುದ್ದಿ ದಿನವೂ ಬರುತ್ತಿದ್ದ ವರ್ಷಗಳಲ್ಲಿ ಈ ಆರಂಭಕ್ಕೆ ಧೈರ್ಯ ಬೇಕಿತ್ತು.

ಅದಕ್ಕಿಂತ ಮುಖ್ಯವಾದದ್ದು ಕಥೆಯ ದಿಕ್ಕನ್ನು ಪಡೀಲಾ ತಿರುಗಿಸಿದ ರೀತಿ. ಮೂಲದ ಮರ್ಫಿ ತಾನು ಯಾರೆಂಬುದನ್ನೇ ಮರೆತ ಯಂತ್ರವಾಗಿ ಎದ್ದು, ತುಣುಕು ತುಣುಕಾಗಿ ಮನುಷ್ಯನಾಗುತ್ತಾ ಹೋಗುತ್ತಾನೆ. ಹೊಸ ಮರ್ಫಿಗೆ ಎಚ್ಚರವಾದಾಗ ಹೆಂಡತಿ, ಮಗ ಎಲ್ಲರ ನೆನಪೂ ಇರುತ್ತದೆ. ತನ್ನಲ್ಲಿ ಉಳಿದಿರುವುದೇನೆಂದು ತೋರಿಸಿ ಎಂದು ಅವನು ಕೇಳಿದಾಗ, ಅವನನ್ನು ಯಂತ್ರವಾಗಿಸಿದ ಡಾಕ್ಟರ್ ನಾರ್ಟನ್ ಕನ್ನಡಿಯ ಮುಂದೆ ಲೋಹದ ಭಾಗಗಳನ್ನು ಒಂದೊಂದಾಗಿ ಕಳಚಿಸುತ್ತಾನೆ. ಕೊನೆಗೆ ಕಾಣುವುದು ಮುಖ, ಗಂಟಲು, ಉಸಿರಾಡುವ ಶ್ವಾಸಕೋಶ ಮತ್ತು ಒಂದು ಕೈ ಮಾತ್ರ. ನನ್ನನ್ನು ಸಾಯಲು ಬಿಡಿ ಎಂದು ಮರ್ಫಿ ಅಂಗಲಾಚುತ್ತಾನೆ. ಮರ್ಫಿಯಾಗಿ ಜೋಯೆಲ್ ಕಿನ್ನಮನ್ ಮತ್ತು ನಾರ್ಟನ್ ಆಗಿ ಗ್ಯಾರಿ ಓಲ್ಡ್‌ಮನ್ ಇಬ್ಬರೂ ಇಲ್ಲಿ ಎಷ್ಟು ಸಂಯಮದಿಂದ ನಟಿಸಿದ್ದಾರೆಂದರೆ, ಮೂಲ ಚಿತ್ರದಲ್ಲೂ ಇದಕ್ಕೆ ಸಾಟಿಯಾದ ದೃಶ್ಯವಿಲ್ಲ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಇದಾದ ಮೇಲೆ ಚಿತ್ರ ತನ್ನ ನಿಜವಾದ ಪ್ರಶ್ನೆಯನ್ನು ಎತ್ತುತ್ತದೆ. ಗುಂಡು ಹಾರಿಸುವ ಮುನ್ನ ಮರ್ಫಿ ಯೋಚಿಸುತ್ತಾನೆ, ಹಾಗಾಗಿ ರೋಬೋಟಿಗಿಂತ ನಿಧಾನ. ಕಂಪನಿಗೆ ಇದು ಒಪ್ಪಿಗೆಯಾಗುವುದಿಲ್ಲ. ಆಗ ನಾರ್ಟನ್, ಕಾಳಗದ ಹೊತ್ತಿನಲ್ಲಿ ನಿರ್ಧಾರವೆಲ್ಲ ಸಾಫ್ಟ್‌ವೇರ್‌ನದೇ ಆಗಿರುವಂತೆ, ಆದರೆ ನಿರ್ಧರಿಸಿದವನು ತಾನೇ ಎಂದು ಮರ್ಫಿಗೆ ಅನ್ನಿಸುವಂತೆ ಅವನ ಮೆದುಳಿನಲ್ಲಿ ಮಾರ್ಪಾಡು ಮಾಡುತ್ತಾನೆ. ಕೊಲ್ಲುವ ಅಧಿಕಾರವನ್ನು ಯಂತ್ರಕ್ಕೆ ಕೊಡಲೊಪ್ಪದ ಕಾನೂನಿನ ಕಣ್ಣಿಗೆ ಮಣ್ಣೆರಚಲು ಕಂಪನಿಗೆ ಬೇಕಾಗಿದ್ದದ್ದು ಇಂಥದ್ದೇ ಒಂದು ಮನುಷ್ಯ ಮುಖ. ಹಾಗಾದರೆ ಅವನ ಕೈಯಿಂದ ಅಮಾಯಕನೊಬ್ಬ ಸತ್ತರೆ ಹೊಣೆ ಯಾರದು? ಗುರಿ ಆರಿಸುವ ಕೆಲಸವನ್ನೇ ಯಂತ್ರಗಳಿಗೆ ಒಪ್ಪಿಸುವ ಚರ್ಚೆ ನಡೆಯುತ್ತಿರುವ ಇಂದಿನ ದಿನಗಳಲ್ಲಿ ಇದಕ್ಕಿಂತ ತುರ್ತಾದ ಪ್ರಶ್ನೆ ಇನ್ನಾವುದಿದೆ?

ಚಿತ್ರ ಈ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತದೆ. ನನ್ನ ಸಿಟ್ಟು ಇರುವುದು ಇಲ್ಲಿ. ಅಂಥ ಸಾವು ಕಥೆಯಲ್ಲಿ ನಡೆಯುವುದೇ ಇಲ್ಲ. ಮೂಲ ಚಿತ್ರದ ಹಿಂಸೆಗೆ ಸೆನ್ಸಾರ್‌ನವರು ಮೊದಲು ವಯಸ್ಕರಿಗೆ ಮಾತ್ರ ಎನ್ನುವ ಎಕ್ಸ್ ಪ್ರಮಾಣಪತ್ರ ಕೊಟ್ಟು, ಮತ್ತೆ ಮತ್ತೆ ಕತ್ತರಿ ಹಾಕಿಸಿದ ಮೇಲಷ್ಟೇ ಅದಕ್ಕಿಂತ ಸಡಿಲವಾದ ಆರ್ ಕೊಟ್ಟಿದ್ದರು. ಹೊಸದು ಹದಿಹರೆಯದವರಿಗೂ ಸಲ್ಲುವ ಪಿಜಿ-13 ಚಿತ್ರ. ಗುಂಡುಗಳು ಹಾರುತ್ತಲೇ ಇರುತ್ತವೆ, ಆದರೆ ಒಂದು ಸಾವಿನ ಭಾರವೂ ನೋಡುವವರಿಗೆ ತಟ್ಟುವುದಿಲ್ಲ.

ಎರಡೂ ಚಿತ್ರಗಳ ಅಂತ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಹಿಂಜರಿಕೆ ಸ್ಪಷ್ಟವಾಗುತ್ತದೆ. 1987ರಲ್ಲಿ, ಕಂಪನಿಯ ಹಿರಿಯ ಅಧಿಕಾರಿಗಳ ಮೇಲೆ ಕೈಮಾಡಬಾರದು ಎಂಬ ಗುಪ್ತ ಆದೇಶವನ್ನು ಮೀರಲು ಮರ್ಫಿಗೆ ಕಡೆಯವರೆಗೂ ಸಾಧ್ಯವಾಗುವುದಿಲ್ಲ. ಮುಖ್ಯಸ್ಥ ಅಂಥ ಒಬ್ಬ ಖಳ ಅಧಿಕಾರಿಯನ್ನು ಅಲ್ಲೇ ಕೆಲಸದಿಂದ ವಜಾ ಮಾಡಿದ ಬಳಿಕವೇ ಗುಂಡು ಹಾರುತ್ತದೆ. ಮನುಷ್ಯನಾಗಿ ತನ್ನ ಹೆಸರನ್ನು ಮರಳಿ ಪಡೆದರೂ ಅವನು ಕಂಪನಿಯ ಸೊತ್ತೇ. 2014ರಲ್ಲಿ ಮರ್ಫಿ ಬರೀ ಮನೋಬಲದಿಂದ ಪ್ರೋಗ್ರಾಮನ್ನು ಮೀರಿ ಮಾಲೀಕನನ್ನು ಕೊಲ್ಲುತ್ತಾನೆ. ಇಚ್ಛಾಶಕ್ತಿಯನ್ನೇ ತಂತ್ರಜ್ಞಾನದಿಂದ ನಕಲು ಮಾಡಬಹುದು ಎಂದು ಒಂದು ಗಂಟೆಯ ಹಿಂದೆ ಅಷ್ಟು ನಿಖರವಾಗಿ ತೋರಿಸಿದ ಚಿತ್ರ, ಆ ಕ್ಷಣದಲ್ಲಿ ಗುಂಡು ಹಾರಿಸಿದ್ದು ಯಾವ ಇಚ್ಛೆ ಎಂಬುದಕ್ಕೆ ಒಂದು ಮಾತಿನ ವಿವರಣೆಯನ್ನೂ ಕೊಡುವುದಿಲ್ಲ.