ದಿನಕ್ಕೆ ಏಳು ಮೀಟರ್ ರೈಲು

ಚಿಕ್ಕಮಗಳೂರಿನ ರೈಲ್ವೆ ಸ್ಟೇಷನ್ನಿನ ಇತಿಹಾಸ ಬರೆಯುವುದು ಬಹಳ ಸುಲಭ. ಪಕ್ಕದ ಕಡೂರಿಗೆ ರೈಲು ಬಂದು ನೂರಿಪ್ಪತ್ತು ವರ್ಷ ದಾಟಿದರೂ ಇಲ್ಲಿ ಸ್ಟೇಷನ್ನೇ ಇರಲಿಲ್ಲ. ಅಲ್ಲಿಗೆ ಮೊದಲ ಅಧ್ಯಾಯ ಮುಗಿಯಿತು.

ಬೆಂಗಳೂರಿನಿಂದ ಹೊರಟ ಹಳಿ 1884ರಲ್ಲಿ ಗುಬ್ಬಿ ಮುಟ್ಟಿತ್ತು. 1889ಕ್ಕೆ ಕಡೂರು ದಾಟಿ ಹರಿಹರ ಸೇರಿತು. ಐದು ವರ್ಷಕ್ಕೆ ಇನ್ನೂರು ಕಿಲೋಮೀಟರಿಗೂ ಜಾಸ್ತಿ! ಜೆಸಿಬಿ ಇಲ್ಲ, ಕಂಪ್ಯೂಟರ್ ಇಲ್ಲ. ಗುದ್ದಲಿ, ಮಂಕರಿ, ಎತ್ತಿನ ಗಾಡಿ. ಪಾಪ, ಆಗಿನವರಿಗೆ ಸಾವಧಾನ ಅನ್ನುವುದೇ ಗೊತ್ತಿರಲಿಲ್ಲ.

ಕಡೂರಿನಿಂದ ಚಿಕ್ಕಮಗಳೂರಿಗೆ ಬರೀ 46 ಕಿಲೋಮೀಟರ್. ಈ ಮಾರ್ಗ ಬಜೆಟ್ಟಿಗೆ ಸೇರಿದ್ದು 1996-97ರಲ್ಲಿ. ಆಗ ಪ್ರಧಾನಿ ಪಕ್ಕದ ಹಾಸನದ ದೇವೇಗೌಡರೇ. ಮೊದಲ ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಲೆಕ್ಕ ಹಾಕಿ ನೋಡಿ, ದಿನಕ್ಕೆ ಏಳು ಮೀಟರ್ ಚಿಲ್ಲರೆ. ಮೂರು ದಿನ ದುಡಿದರೆ ಒಂದು ಬೋಗಿ ನಿಲ್ಲುವಷ್ಟು ಹಳಿ. ಬಸವನಹುಳು ಈ ಟೆಂಡರ್ ಹಿಡಿದಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ದಿನದ ಕೆಲಸ ಮುಗಿಸಿ ಮಲಗಿರುತ್ತಿತ್ತು.

ಹಳಿ ಎಲ್ಲೇ ನಿಂತಿರಲಿ, ರೈಲ್ವೆ ಸಚಿವರು ಮಾತ್ರ ಎಕ್ಸ್‌ಪ್ರೆಸ್ಸಿನ ಹಾಗೆ ಬಂದು ಹೋದರು. ಪಾಸ್ವಾನ್ ಬಂದರು, ನಿತೀಶ್ ಬಂದರು, ಮಮತಾ ಬಂದರು. ಲಾಲು ಐದು ವರ್ಷ ಪೂರ್ತಿ ಮುಗಿಸಿದರು. ಮಮತಾ ಇನ್ನೊಂದು ಸಲ ಬಂದು, ಮುಖ್ಯಮಂತ್ರಿಯಾಗಿ ಕೋಲ್ಕತ್ತಕ್ಕೂ ಹೋದರು. ಕೊನೆಗೆ ನಮ್ಮ ಖರ್ಗೆಯವರ ಕಾಲಕ್ಕೆ ರೈಲು ಬಂತು. ಅಷ್ಟೂ ವರ್ಷ ಜನ ಕಡೂರಿನಲ್ಲಿ ಇಳಿದು, ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು, ಸಖರಾಯಪಟ್ಟಣದ ಮೇಲೆ ಹೋಗುವ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು.

ಇಷ್ಟಾದರೂ ಕೆಲಸ ಮುಗಿದಿಲ್ಲ. ಯೋಜನೆಯ ಪೂರ್ತಿ ಹೆಸರು ಕಡೂರು–ಚಿಕ್ಕಮಗಳೂರು–ಸಕಲೇಶಪುರ, ಒಟ್ಟು 93 ಕಿಲೋಮೀಟರ್. ಅರ್ಧ ಹೆಸರಿಗೆ ಮಾತ್ರ ರೈಲು ಬಂದಿದೆ. ಅದೇ ಏಳು ಮೀಟರಿನ ವೇಗ ಕಾಯ್ದುಕೊಂಡಿದ್ದರೂ 2031ರ ಹೊತ್ತಿಗೆ ಸಕಲೇಶಪುರ ಸಿಗುತ್ತಿತ್ತು. ಅಷ್ಟು ಅವಸರ ಒಳ್ಳೆಯದಲ್ಲ ಅಂತ ಯಾರಿಗೋ ಅನ್ನಿಸಿರಬೇಕು.

ಹಾಗಂತ ಏನೂ ಆಗಿಲ್ಲ ಅನ್ನಬೇಡಿ. 2025ರ ಜುಲೈನಲ್ಲಿ ಚಿಕ್ಕಮಗಳೂರಿಂದ ತಿರುಪತಿಗೆ ವಾರಕ್ಕೊಂದು ರೈಲು ಶುರುವಾಯಿತು. ಬಾವುಟ ಬೀಸಿದರು, ಫೋಟೋ ತೆಗೆಸಿಕೊಂಡರು. ಅನುಕೂಲವೇ ಆಯಿತು. ಸಕಲೇಶಪುರದ ಹಳಿಗಾಗಿ ಮನವಿ ಪತ್ರ ಹಿಡಿದು ಇನ್ನು ದೆಹಲಿಗೆ ಅಲೆಯಬೇಕಾಗಿಲ್ಲ. ಶುಕ್ರವಾರದ ರೈಲು ಹತ್ತಿ, ಸೀದಾ ತಿಮ್ಮಪ್ಪನ ಹುಂಡಿಗೇ ಹಾಕಿ ಬರಬಹುದು.