ಸಾಣೆ ಸಾಹುಕಾರನ ಸಹವಾಸ

ನನ್ನ ಅರ್ಧ ಇಂಚಿನ ಉಳಿ ನಿನ್ನೆ ಸಂಜೆ ವಾಪಸು ಬಂತು. ತುದಿ ನವಿಲಿನ ಕತ್ತಿನ ಹಾಗೆ ನೀಲಿ. ಮಸೆದು ತಂದುಕೊಟ್ಟ ಸಾಣೆ ಸಾಹುಕಾರ, "ಬಣ್ಣ ನೋಡಲೇ, ಹೆಂಗ್ ಬಂದೈತೆ!" ಅಂತ ಬೇರೆ ಅಂದ.

ಉಳಿ ಹಿಡಿದು ಗೊತ್ತಿದ್ದವರಿಗೆ ಆ ಬಣ್ಣ ಕಂಡರೆ ಎದೆ ಧಸಕ್ಕೆನ್ನುತ್ತದೆ. ಗ್ರೈಂಡರಿಗೆ ಒತ್ತಿ ಹಿಡಿದು, ನಡುನಡುವೆ ನೀರಿಗೆ ಅದ್ದದೆ ಕಿಡಿ ಹಾರಿಸಿದರೆ ಉಕ್ಕು ಕಾದು ನೀಲಿಗಟ್ಟುತ್ತದೆ, ಹದ ಬಿಡುತ್ತದೆ. ಆಮೇಲೆ ಅದರಿಂದ ಬೆಣ್ಣೆ ಕತ್ತರಿಸಬಹುದು ಅಷ್ಟೆ. ದಾವಣಗೆರೆಯಲ್ಲಿ ಬೆಣ್ಣೆಗೇನೂ ಬರವಿಲ್ಲ ಅನ್ನಿ.

ನಮ್ಮದೊಂದು ಮರ ಕೆತ್ತುವವರ ಕೂಟ. ಕೂಟ ಅಂದರೆ ವಿದ್ಯಾನಗರದಲ್ಲಿ ಗೆಳೆಯನೊಬ್ಬನ ಕಾರ್ ಶೆಡ್ಡು. ಭಾನುವಾರ ಕಾರು ಹೊರಗೆ ಬಿಸಿಲಲ್ಲಿ, ನಾವು ಒಳಗೆ ನೆರಳಲ್ಲಿ. ಒಬ್ಬ ಹೈಸ್ಕೂಲು ಮೇಷ್ಟ್ರು, ಒಬ್ಬ ಮಂಡಿಪೇಟೆಯ ಅಂಗಡಿಯವ, ಶೆಡ್ಡಿನ ಯಜಮಾನ, ನಾನು, ಮತ್ತೆ ಬ್ಯಾಂಕಿನಿಂದ ನಿವೃತ್ತನಾದ ಈ ಸಾಹುಕಾರ ಮಹಾನುಭಾವ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ, ಇವೆರಡರ ನಡುವೆ ಉಳಿದ ಹೊತ್ತಲ್ಲಿ ಶಿಲ್ಪಕಲೆ. ಮಿರ್ಚಿ ತಿಂದ ಕೈಯಲ್ಲಿ ಉಳಿ ನಿಲ್ಲುವುದಿಲ್ಲವಾದ್ದರಿಂದ ಸಂಜೆಗೆ ಕಲೆ ತಾನಾಗಿಯೇ ಮುಗಿಯುತ್ತದೆ.

ವಿಡಿಯೋದಲ್ಲಿ ಕಲಿಸುವ ವಿದೇಶಿಯರೆಲ್ಲ ಬಾಸ್‌ವುಡ್ ತಗೊಳ್ಳಿ, ಮೆತ್ತಗಿರುತ್ತೆ ಅನ್ನುತ್ತಾರೆ. ಅವರಿಗೇನು. ಅದರ ಬದಲಿಗೆ ನಾವು ಸಾಮಿಲ್ಲಿಗೆ ಹೋಗಿ ಶಿವನಿ ಮರ ಐತಾ ಅಂತ ಕೇಳಿದರೆ ಅಲ್ಲಿಯವನು "ಎಷ್ಟು ಸಿಎಫ್‌ಟಿ?" ಅಂತ ಘನ ಅಡಿ ಲೆಕ್ಕ ಕೇಳುತ್ತಾನೆ. ಗೇಣುದ್ದದ ತುಂಡು ಸಾಕು ಅಂದರೆ ಮುಖ ನೋಡಿ, ಮರುಕಪಟ್ಟು ಕಾಲಡಿ ಬಿದ್ದಿದ್ದೊಂದನ್ನು ಪುಕ್ಕಟೆ ಕೊಡುತ್ತಾನೆ. ಸಾಗರ, ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆ ನೋಡಿ ನಮಗೂ ಆಸೆಯಾಗಿತ್ತು. ಗಂಧದ ಮರದ ಎಳೆ ಸಣ್ಣಗೆ, ಒತ್ತಾಗಿರುವುದರಿಂದಲೇ ಅಂಥ ನಯ ಕೆಲಸ ನಿಲ್ಲುವುದು. ಆದರೆ ಶ್ರೀಗಂಧದ ರೇಟು ಕೇಳಿದರೆ ಸೈಟು ಮಾರಬೇಕು; ಗುಡಿಗಾರರ ಕೈಯನ್ನು ಸೈಟು ಮಾರಿದರೂ ತರಲಾಗದು. ಹಾಗಾಗಿ ಕೆಡವಿದ ಹಳೇ ಮನೆಯ ಸಾಗುವಾನಿ ಚೌಕಟ್ಟು, ಇಲ್ಲವೇ ಬೇವು. ಬೇವು ಉಜ್ಜುವಾಗ ಪುಡಿ ಹಾರಿ ಗಂಟಲಿಗಿಳಿದರೆ ಯುಗಾದಿಗೆ ಕಾಯಬೇಕಿಲ್ಲ. ಬೆಲ್ಲ ಮಾತ್ರ ಇರುವುದಿಲ್ಲ.

ಕೆಟ್ಟ ಕೆಲಸಗಳ ವಿಲೇವಾರಿಗೆ ನಮ್ಮೂರಲ್ಲಿ ಚಿಂತೆಯಿಲ್ಲ, ದೋಸೆಗೆ ಇನ್ನೂ ಸೌದೆ ಒಲೆಯೇ. ಎಳೆಗೆ ಅಡ್ಡಡ್ಡ ಸೊಂಡಿಲು ಕೆತ್ತಿದರೆ ಅದು ಮುರಿಯದೆ ಇನ್ನೇನು ಮಾಡೀತು? ಮೇಷ್ಟ್ರ ಆನೆ, ಅಂಗಡಿಯವನ ಕೊಕ್ಕು ಹಾರಿದ ಗಿಳಿ, ಎಲ್ಲ ಪರಿಚಯದ ಹೋಟೆಲಿನ ಒಲೆ ಸೇರಿ ನಮ್ಮ ಪ್ಲೇಟಿಗೇ ಮರಳಿವೆ.

ಆದರೆ ಒಲೆಗೆ ಒಂದು ಚಕ್ಕೆಯನ್ನೂ ಕೊಡದವನು ಬ್ಯಾಂಕಿನವನು. ಅವನು ಕೆತ್ತಿದ್ದರೆ ತಾನೇ ಕೆಡುವುದು? ಅವನು ಮಸೆಯುತ್ತಾನೆ. ಬಂದವನೇ ಚಾಪೆ ಹಾಸಿ, ನೀರಲ್ಲಿ ನೆನೆಸಿದ ಕಲ್ಲುಗಳನ್ನು ಒರಟಿನಿಂದ ನಯದವರೆಗೆ ಸಾಲಾಗಿ ಇಡುತ್ತಾನೆ: 400, 1000, 6000. ತನ್ನ ಉಳಿ ಮುಗಿಸಿ ಮೇಷ್ಟ್ರದ್ದು, ಆಮೇಲೆ ಅಂಗಡಿಯವನದ್ದು, ಕೊನೆಗೆ ಶೆಡ್ಡಿನ ಮನೆಯ ಈಳಿಗೆ ಮಣೆ. ಕಲ್ಲಿನ ಮೇಲಿನ ಈ ಶ್ರೀಮಂತಿಕೆ ಕಂಡೇ ನಾವು ಅವನನ್ನು ಸಾಣೆ ಸಾಹುಕಾರ ಅನ್ನುವುದು. "ಮೊಂಡು ಉಳಿ ಚೂಪಿಗಿಂತ ಅಪಾಯ ಕಣ್ರಲೇ, ಜೋರು ಹಾಕ್ತೀರಿ, ಜಾರ್ತೈತೆ" ಅನ್ನುತ್ತಾನೆ. ಮಾತು ನಿಜವೇ. ಆದರೆ ಚೂಪಾದ ಉಳಿ ನಮ್ಮ ಕೈಗೆ ಬಂದರೆ ತಾನೇ!

ಕಲ್ಲಿನ ಮೇಲೆ ಆದಮೇಲೆ ಚರ್ಮದ ಮೇಲೆ ಎಳೆಯಬೇಕು. ಚರ್ಮ ಎಲ್ಲಿಂದ? "ನಿನ್ನ ಬೆಲ್ಟು ಚಲೋ ಐತಲ್ಲ" ಅಂದ. ಅವತ್ತು ಒಂದು ಕೈಯಲ್ಲಿ ಕೊಡತಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಾನು ಕೆತ್ತಿದ್ದು ನವ್ಯ ಶೈಲಿಯಲ್ಲಿ ಬಂತು.

ಎಲ್ಲಕ್ಕಿಂತ ಘೋರ ಅವನ ಪರೀಕ್ಷೆ. ಉಳಿ ಚೂಪಾಯಿತೋ ಇಲ್ಲವೋ ನೋಡಲು ಮುಂಗೈ ಕೂದಲು ಬೋಳಿಸುವುದು ಕುಶಲಿಗಳ ಹಳೇ ಪದ್ಧತಿ, ಒಪ್ಪೋಣ. ಅವನ ಎಡಗೈ ಮೊದಲು ನುಣ್ಣಗಾಯಿತು, ಆಮೇಲೆ ಬಲಗೈ. ಕೂದಲು ಬೆಳೆಯುವ ವೇಗಕ್ಕೂ ಅವನು ಮಸೆಯುವ ವೇಗಕ್ಕೂ ತಾಳೆಯಾಗಲಿಲ್ಲ. ಒಂದು ಭಾನುವಾರ ಮೇಷ್ಟ್ರ ಕಡೆ ತಿರುಗಿ, "ಸ್ವಲ್ಪ ಕೈ ಕೊಡ್ರಿ" ಅಂದ. ಏನೋ ಎತ್ತಬೇಕೇನೋ ಅಂದುಕೊಂಡು ಪಾಪ, ಅವರು ಕೈ ಚಾಚಿದರು. ಸರ್ರ್! ಸೋಮವಾರ ಬೋರ್ಡಿನ ಮೇಲೆ ಬರೆಯುವಾಗ ಇಡೀ ತರಗತಿ ಪಾಠ ಬಿಟ್ಟು ಆ ಕೈ ನೋಡಿತಂತೆ. ಅಂಗಡಿಯವ ಬಿಪಿ ನೋಡಿಸಲು ಹೋದಾಗ ನರ್ಸಮ್ಮ "ಎಲ್ಲಿ ಆಪರೇಷನ್ ಆಗಿತ್ತು ಸಾರ್?" ಅಂದಳಂತೆ. ನನ್ನ ಹೆಂಡತಿಯಂತೂ, "ಅರ್ಧ ಕೈ ಬೋಳಿಸಿಕೊಂಡು ಬಂದಿದ್ದೀರಲ್ಲ, ಇದು ಯಾವ ದೇವರ ಹರಕೆ?" ಅಂತ ಕೇಳಿದಳು. ಫುಲ್ ತೋಳಿನ ಅಂಗಿ ಹಾಕಿದರೂ ಬಿಡುವುದಿಲ್ಲ, ಗುಂಡಿ ತಾನೇ ಬಿಚ್ಚುತ್ತಾನೆ. ಈಗ ನಮ್ಮ ಕೂಟದವರನ್ನು ಊರಲ್ಲಿ ಎಲ್ಲಿ ಕಂಡರೂ ಗುರುತು ಹಿಡಿಯಬಹುದು, ಮೊಣಕೈವರೆಗೆ ಎಲ್ಲರೂ ಹಸುಗೂಸುಗಳು.

ಸಿಟ್ಟು ತಡೆಯದೆ ಒಮ್ಮೆ ಕೇಳಿಯೇಬಿಟ್ಟೆ: "ಮಾರಾಯ, ಒಂದು ಸೌಟಾದರೂ ಕೆತ್ತಬಾರದಾ?" ಕಲ್ಲಿಗೆ ನೀರು ಚಿಮುಕಿಸುತ್ತಲೇ ಹೇಳಿದ. ಅವರಜ್ಜ ಜಗಳೂರು ಕಡೆಯ ಹಳ್ಳಿಯಲ್ಲಿ ಬಡಿಗ. ಕುಂಟೆ, ಕೂರಿಗೆ, ಗಾಡಿ ಚಕ್ರದ ನಡುವಿನ ಕರಿಜಾಲಿಯ ಗುಂಭ. ವರ್ಷವಿಡೀ ರಿಪೇರಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ, ಅಂದರೆ ಕೂಲಿಯ ಕಾಳು, ತರುವುದು. ಹುಡುಗ ಇವನ ಕೆಲಸ ಬಾಚಿ, ಉಳಿ ಮಸೆದು ಕೊಡುವುದು. ಮರ ಮುಟ್ಟಿದರೆ ಕೈಗೆ ಬೀಳುತ್ತಿತ್ತು, "ಮೊದಲು ಮಸೆಯೋದು ಕಲಿ" ಅಂತ. ಕಲಿತ. ಅಷ್ಟರಲ್ಲಿ ಗಾಡಿಗೆ ಟೈರು ಬಂತು, ಹೊಲಕ್ಕೆ ಟ್ರ್ಯಾಕ್ಟರು ಬಂತು, ಇವನಿಗೆ ಬ್ಯಾಂಕಿನ ನೌಕರಿ ಬಂತು. ಎರಡನೇ ಪಾಠ ಹೇಳಿಕೊಡುವುದಕ್ಕೆ ಅಜ್ಜ ಇರಲಿಲ್ಲ. ಆಮೇಲೆ ನಾನು ಸೌಟಿನ ಮಾತೆತ್ತಿಲ್ಲ.

ಹಾಗಂತ ನನ್ನ ಉಳಿಯನ್ನು ಸುಡಬೇಕೇ? ಅವನ ಅಳಿಯ ಹಬ್ಬಕ್ಕೆ ಬೆಂಚ್ ಗ್ರೈಂಡರ್ ಉಡುಗೊರೆ ಕೊಟ್ಟನಂತೆ. ಕಲ್ಲಿನ ಮೇಲೆ ನಿಧಾನ ಕಲಿತ ಕೈಗೆ ಮಷಿನ್ನಿನ ಆತುರ ಒಗ್ಗಲಿಲ್ಲ, ಅದರ ಮೊದಲ ಆಹುತಿ ನನ್ನದೇ. ಆ ಅಳಿಯನ ಕೈ ಸಿಕ್ಕಿದರೆ ನಾನೇ ಬೋಳಿಸುತ್ತೇನೆ. ನೀಲಿಯಾದಷ್ಟೂ ಉಕ್ಕು ಸತ್ತಂತೆ. ಅದನ್ನು ಪೂರ್ತಿ ತೆಗೆದು, ತಣ್ಣಗೆ, ಹೊಸದಾಗಿ ಅಂಚು ಕಟ್ಟಬೇಕು. ಅಂದರೆ ಮಸೆಯಬೇಕು. ಮಸೆಯುವುದಕ್ಕೆ ಊರಲ್ಲಿ ಅವನಿಗಿಂತ ಗಟ್ಟಿಗ ಯಾರಿದ್ದಾರೆ?

ಇವತ್ತು ಶೆಡ್ಡಿನಲ್ಲಿ ಅದನ್ನೇ ಕಲ್ಲಿಗಿಟ್ಟು ಕೂತಿದ್ದ, ಮಂಡಕ್ಕಿ ಬಂದರೂ ಏಳಲಿಲ್ಲ. ಸಂಜೆಗೆ ಉಳಿ ಸಾಕಷ್ಟು ಗಿಡ್ಡವಾಗಿ, ಬೆಳ್ಳಗೆ ಹೊಳೆಯುತ್ತ ಎದ್ದಿತು. ಪರೀಕ್ಷೆ ಆಗಬೇಕಲ್ಲ. ತನ್ನ ಕೈ ನೋಡಿಕೊಂಡ, ಮೇಷ್ಟ್ರದ್ದು ನೋಡಿದ, ಅಂಗಡಿಯವ ಕೈ ಬೆನ್ನ ಹಿಂದೆ ಅಡಗಿಸಿದ. ಕೊನೆಗೆ ಅವನ ಕಣ್ಣು ನಿಧಾನಕ್ಕೆ ನನ್ನ ಪಾದದ ಕಡೆ ಇಳಿಯಿತು.

"ಪ್ಯಾಂಟು ಸ್ವಲ್ಪ ಮೇಲಕ್ಕೆತ್ತಲೇ" ಅಂದ.