ಕೌಂಟರ್ ಮೇಲಿಟ್ಟ 640 ರೂಪಾಯಿ

ಇವತ್ತು ಶನಿವಾರ. ಬೆಳಗಿನ ಸಾಲಿ ಬಿಟ್ಟ ಮೇಲೆ ಒಬ್ಬ ಹುಡುಗ ಯೂನಿಫಾರಂನಲ್ಲೇ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದ. ಆರನೇ ಕ್ಲಾಸ್. ಸೈಕಲ್ ಹೊರಗೆ ನಿಲ್ಲಿಸಿ, ಕಂಪಾಸ್ ಡಬ್ಬಿಯಿಂದ ರೊಕ್ಕ ತೆಗೆದು ಕೌಂಟರ್ ಮೇಲೆ ಇಟ್ಟ. ಎಣಿಸಿದೆ. 640 ರೂಪಾಯಿ. ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಗೆ ಅಂತ ಅಜ್ಜಿ, ಸೋದರಮಾವ ಎಲ್ಲ ಕೊಟ್ಟಿದ್ದಂತೆ. ಖರ್ಚು ಮಾಡದೆ ಇಟ್ಟುಕೊಂಡಿದ್ದಾನೆ.

"ಕಾಕಾ, ಇಷ್ಟಕ್ಕ ಒಂದು ಎಸ್‌ಎಂಪಿಎಸ್ ಬರತೈತೇನ್ರಿ?"

ಎಸ್‌ಎಂಪಿಎಸ್ ಅಂದ್ರೆ ಕಂಪ್ಯೂಟರಿಗೆ ಕರೆಂಟ್ ಒದಗಿಸೋ ಡಬ್ಬಿ. ಮನೆಯ ಕಂಪ್ಯೂಟರ್ ದಿನಾ ಸಂಜೆ ಏಳಕ್ಕೆ ಗಪ್ ಅಂತ ಆಫ್ ಆಗ್ತಿದೆಯಂತೆ. ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದು ತೋರಿಸಿದ. ಒಂಬತ್ತು ದಿನದ ಲೆಕ್ಕ ಬರೆದಿದ್ದಾನೆ. ಒಂಬತ್ತೂ ದಿನ ಏಳು ಗಂಟೆ. "ಹೀಟ್ ಆಗಿದ್ರ ಒಂದೊಂದು ದಿನ ಒಂದೊಂದು ಟೈಮಿಗೆ ಬಂದ್ ಆಗಬೇಕಲ್ರಿ? ಏಳಕ್ಕ ಓಣ್ಯಾಗ ಎಲ್ಲಾರೂ ಟಿವಿ, ಮೋಟರ್ ಹಚ್ಚತಾರ. ಓಲ್ಟೇಜ್ ಇಳಿತೈತಿ. ನಮ್ಮ ಎಸ್‌ಎಂಪಿಎಸ್ ವೀಕ್ ಐತಿ, ತಡ್ಕೊಳ್ಳಂಗಿಲ್ಲ."

ನನ್ನ ಹತ್ತಿರ ಕೆಲಸ ಕಲಿತು ಹೋದ ದೊಡ್ಡ ಹುಡುಗರೂ ಇಷ್ಟು ಚೆಂದ ಯೋಚನೆ ಮಾಡಿದ್ದು ನಾನು ಕಂಡಿಲ್ಲ. ಉತ್ತರ ತಪ್ಪು, ಅಷ್ಟೇ. ಆ ಎಸ್‌ಎಂಪಿಎಸ್‌ಗೆ ಏನೂ ಆಗಿಲ್ಲ. ಏಳಕ್ಕೆ ಆಫ್ ಆಗೋ ಹಾಗೆ ಮಾಡಿಟ್ಟವನು ನಾನೇ. ಎರಡು ವಾರದ ಹಿಂದೆ, ಅವರಪ್ಪನ ಮಾತು ಕೇಳಿ, 200 ರೂಪಾಯಿ ತಗೊಂಡು.

ಅವತ್ತು ಹುಡುಗನೂ ಜೊತೆಗೇ ಬಂದಿದ್ದ. ಅಪ್ಪ ಅವನನ್ನು ಹೊರಗೆ ನಿಲ್ಲಿಸಿ, ನನ್ನ ಕಿವಿ ಹತ್ತಿರ ಬಾಗಿದರು. "ಏಳಕ್ಕ ತಾನ ಬಂದ್ ಆಗಂಗ ಮಾಡ್ರಿ ಸರ. ಅವ ಕೇಳಿದ್ರ ಮಷಿನ್ ಹಳೇದಾಗೈತಿ ಅಂತ ಹೇಳಿಬಿಡ್ರಿ." ಗೋಳಗುಮ್ಮಟದ ಊರಲ್ಲಿ ಹುಟ್ಟಿ ಬೆಳೆದೂ, ಪಿಸುಗುಟ್ಟಿದರೆ ಯಾರಿಗೂ ಕೇಳಲ್ಲ ಅಂತ ನಂಬೋ ಜನ.

ಹೊತ್ತು ಗೊತ್ತು ಇಡೋದು ಬೇಡ ಅಂತ ನಾನು ಹೇಳ್ತಿಲ್ಲ. ಇಡಿ. ಏಳು ಗಂಟೆ ಅಂದ್ರೆ ಏಳು ಗಂಟೆ. ಅದನ್ನ ಮಗನಿಗೆ ಬಾಯಿಬಿಟ್ಟು ಹೇಳೋಕೆ ಏನು ಧಾಡಿ? ನಿಮ್ಮ ಮನೆ, ನಿಮ್ಮ ಮಗ, ಕರೆಂಟ್ ಬಿಲ್ ಕಟ್ಟೋರು ನೀವು. "ಬೇಡ" ಅನ್ನೋ ಒಂದು ಮಾತು ಆಡೋಕೆ ಗಾಂಧಿ ಚೌಕದ ಹತ್ತಿರ ಇರೋ ರಿಪೇರಿ ಅಂಗಡಿಯವನು ಬೇಕಾ?

ಇವರೊಬ್ಬರೇ ಆಗಿದ್ರೆ ಸುಮ್ನೆ ಇರ್ತಿದ್ದೆ. ಪರೀಕ್ಷೆ ಹತ್ತಿರ ಬಂದ್ರೆ ಸಾಕು, ಶುರು. ಒಬ್ಬರಿಗೆ ನೆಟ್ ನಿಧಾನ ಮಾಡಿಕೊಡಬೇಕು. ಇನ್ನೊಬ್ಬರಿಗೆ ಗೇಮ್ ತೆಗೆದು "ವೈರಸ್ ತಿಂದು ಹೋಯ್ತು" ಅನ್ನಬೇಕು. ಒಬ್ಬ ತಾಯಿ ಚೆನ್ನಾಗಿರೋ ಮೌಸ್ ತಂದು "ಇದನ್ನ ಕೆಡಿಸಿ ಕೊಡ್ರಿ" ಅಂದ್ರು. ರಿಪೇರಿ ಅಂಗಡಿಗೆ! ನಾನೂ ಏನು ಸಾಚಾ ಅಲ್ಲ, ಕೇಬಲ್ ಒಳಗೆ ಕತ್ತರಿಸಿ ಕೊಟ್ಟೆ.

ಸಿಟ್ಟು ಬರೋದು ಯಾಕಂದ್ರೆ, ಸರಿಯಾದ ದಾರಿ ಪುಕ್ಕಟೆಯಾಗಿ ಬಿದ್ದಿದೆ. ವಿಂಡೋಸ್‌ನಲ್ಲೇ ಮೈಕ್ರೋಸಾಫ್ಟ್‌ನ ಫ್ಯಾಮಿಲಿ ಸೇಫ್ಟಿ ಇದೆ. ಮಗುವಿಗೆ ಬೇರೆ ಅಕೌಂಟ್ ಮಾಡಿ, ಸೆಟ್ಟಿಂಗ್ ಬದಲಿಸೋ ಅಡ್ಮಿನ್ ಅಧಿಕಾರ ನಿಮ್ಮ ಹತ್ತಿರ ಇಟ್ಟುಕೊಂಡು, ಯಾವ ದಿನ ಎಷ್ಟು ಹೊತ್ತು ಅಂತ ಫೋನಿನಿಂದಲೇ ಇಡಬಹುದು. ಭಾನುವಾರಕ್ಕೆ ಜಾಸ್ತಿ ಬೇಕಾದ್ರೆ ಜಾಸ್ತಿ. ಹೊತ್ತು ಮುಗಿಯೋ ಮುಂಚೆ ಮಗುವಿಗೆ ಸ್ಕ್ರೀನ್ ಮೇಲೆ ತಿಳಿಸುತ್ತೆ. ಇನ್ನಷ್ಟು ಬೇಕು ಅಂತ ಮಗು ಕೇಳಬಹುದು. ಆ ಕೋರಿಕೆ ನಿಮಗೆ ಬರುತ್ತೆ. ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು. ಇಷ್ಟು ಹೇಳಿದ್ರೆ ಎಲ್ಲರದೂ ಒಂದೇ ಮಾತು. "ಅಯ್ಯ, ಹಂಗ ಮಾಡಿದ್ರ ನಾವ ಮಾಡಿದ್ದು ಅಂತ ಅವಂಗ ಗೊತ್ತಾಗತೈತಲ್ರಿ!" ಇನ್ನೊಂದು ಮಾತು. ಮುಕ್ಕಾಲು ಮನೆಗಳಲ್ಲಿ ಎಲ್ಲರಿಗೂ ಒಂದೇ ಅಕೌಂಟ್, ಅದೂ ಅಡ್ಮಿನ್, ಪಾಸ್‌ವರ್ಡ್ 1234. ಅಲ್ಲಿ ಬೀಗ ಹಾಕಿದ್ರೂ ಅಷ್ಟೇ, ಬಿಟ್ಟರೂ ಅಷ್ಟೇ.

ಈ ಹುಡುಗನ ಕಂಪ್ಯೂಟರಿಗೆ ನಾನು ಮಾಡಿದ್ದು ನಾಲ್ಕು ನಿಮಿಷದ ಕೆಲಸ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ತಾನೇ ಮಾಡೋ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ ಏಳು ಗಂಟೆಗೆ ಒಂದು ಶಟ್‌ಡೌನ್ ಕಮಾಂಡ್. ತೆರೆದಿದ್ದೆಲ್ಲ ಬಲವಂತವಾಗಿ ಮುಚ್ಚಿ, ಒಂದು ಸೆಕೆಂಡೂ ಕಾಯದೆ ಆಫ್. ಹತ್ತು ನಿಮಿಷ ಮುಂಚೆ ಒಂದು ಸೂಚನೆ ಕೊಡಿಸೋದು ಕಷ್ಟವೇನಲ್ಲ. ಆದ್ರೆ ಕೆಟ್ಟಿರೋ ಮಷಿನ್ "ಇನ್ನು ಹತ್ತು ನಿಮಿಷಕ್ಕೆ ಕೆಡ್ತೀನಪ್ಪ" ಅಂತ ಹೇಳಿ ಕೆಡುತ್ತಾ? ಸುಳ್ಳು ನಡೀಬೇಕು ಅಂದ್ರೆ ಸೂಚನೆ ಇರಬಾರದು. ಸೂಚನೆ ಇಲ್ಲದ್ದಕ್ಕೆ ಇವನು ಮಕ್ಕಳ ಪ್ರೋಗ್ರಾಮಿಂಗ್ ಆ್ಯಪ್ ಆದ ಸ್ಕ್ರ್ಯಾಚ್‌ನಲ್ಲಿ ಮಾಡ್ತಿದ್ದ ಒಂದು ಬೆಕ್ಕಿನ ಆಟ ಎರಡು ಸಲ ಸೇವ್ ಆಗದೆ ಹೋಯ್ತಂತೆ. ಅವನು ಅತ್ತಿಲ್ಲ. ಎಸ್‌ಎಂಪಿಎಸ್‌ಗೆ ರೊಕ್ಕ ಕೂಡಿಸಿದ.

ಅವರಪ್ಪ ಅವತ್ತು ವಾಟ್ಸಾಪ್‌ನಲ್ಲಿ ಬಂದಿದ್ದನ್ನೂ ತೋರಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆಯೇ ಮಕ್ಕಳಿಗೆ ಒಂದೇ ತಾಸು ಅಂದಿದೆಯಂತೆ. ಆ ಸಂಸ್ಥೆ 2019ರಲ್ಲಿ ಒಂದು ತಾಸು ಅಂದಿದ್ದು ಎರಡರಿಂದ ನಾಲ್ಕು ವರ್ಷದ ಕೂಸುಗಳಿಗೆ. ಇವನಿಗೆ ಮೀಸೆ ಬರೋಕೆ ಇನ್ನು ನಾಲ್ಕು ವರ್ಷ ಸಾಕು. ಇರಲಿ. ಚೀನಾದ ಮಾತೂ ಬಂತು. ಹೌದು, 2021ರಲ್ಲಿ ಅಲ್ಲಿ ಹದಿನೆಂಟರ ಒಳಗಿನವರಿಗೆ ಆನ್‌ಲೈನ್ ಗೇಮ್ ಶುಕ್ರವಾರ, ಶನಿವಾರ, ಭಾನುವಾರ, ರಜೆ ದಿನ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಅಂತ ಕಾನೂನೇ ಬಂತು. ಆದ್ರೆ ಆ ಸರ್ಕಾರವೂ ಅದನ್ನ ಜಗತ್ತಿಗೆಲ್ಲ ಹೇಳಿಯೇ ಮಾಡಿತು ಸ್ವಾಮಿ. "ಸರ್ವರ್ ಕೆಟ್ಟಿದೆ" ಅಂತ ಮಕ್ಕಳ ಕಿವಿ ಮೇಲೆ ಹೂವು ಇಡಲಿಲ್ಲ.

ಈಗ ಕಾಮೆಂಟಿನಲ್ಲಿ ಬರೋದು ಗೊತ್ತಿದೆ. ದಿನವಿಡೀ ದುಡಿದು ಬಂದವರಿಗೆ ರಾತ್ರಿ ಮಕ್ಕಳ ಜೊತೆ ಜಗಳ ಆಡೋ ತ್ರಾಣ ಎಲ್ಲಿರುತ್ತೆ, ನಮ್ಮ ಅವ್ವನೂ ಗುಮ್ಮ ಬರ್ತಾನೆ ಅಂತ ಹೆದರಿಸಿ ಉಣಿಸಲಿಲ್ವಾ ಅಂತ. ಉಣಿಸಿದಳು. ಗುಮ್ಮನ ಬಗ್ಗೆ ತನಿಖೆ ಮಾಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಈ ಮಷಿನ್ ಎಲ್ಲ ಬರೆದಿಡುತ್ತೆ. ವಿಂಡೋಸ್‌ನಲ್ಲಿ ಆ ದಾಖಲೆ ತೋರಿಸೋ ಈವೆಂಟ್ ವ್ಯೂವರ್ ತೆಗೆದ್ರೆ, ಕರೆಂಟ್ ಹೋಗಿ ಆಫ್ ಆಗಿದ್ರೆ 41 ಅನ್ನೋ ನಂಬರ್ ಇರುತ್ತೆ. ಯಾರೋ ಕಮಾಂಡ್ ಕೊಟ್ಟು ಆಫ್ ಮಾಡಿಸಿದ್ರೆ 1074, ಪಕ್ಕದಲ್ಲಿ ಯಾವ ಪ್ರೋಗ್ರಾಂ ಮಾಡಿಸಿದ್ದು ಅನ್ನೋದೂ ಇರುತ್ತೆ. ಇನ್ನು ಜಗಳದ ಮಾತು. ಮೂರು ದಿನ ಆಗುತ್ತೆ. ನಾಲ್ಕನೇ ದಿನ ಹುಡುಗರು ಸುಮ್ಮನಾಗ್ತಾರೆ.

ಇಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀನಿ ಅಂದ್ರೆ, ನಾನೂ ತಿಂದು ನೋಡಿದ್ದೀನಿ. ನಮ್ಮ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ರಾತ್ರಿ ಒಂಬತ್ತಕ್ಕೆ ರೂಟರ್‌ನಲ್ಲಿ ಅವಳ ಲ್ಯಾಪ್‌ಟಾಪ್‌ಗೆ ನೆಟ್ ತಡೆದಿದ್ದೆ. "ಲೈನ್ ಹೋಗೈತವ್ವಾ" ಅಂತ ಹೇಳಿದ್ದೆ. ಅವಳು ನನಗೆ ಹೇಳದೆ ನೆಟ್ಟಿನವರಿಗೆ ಕಂಪ್ಲೇಂಟ್ ಕೊಟ್ಟಳು. ಮರುದಿನ ಮಧ್ಯಾಹ್ನ, ಏಪ್ರಿಲ್ ಬಿಸಿಲು, ನಮ್ಮೂರಿನ ಬಿಸಿಲು ನಿಮಗೆ ಗೊತ್ತಲ್ಲ, ಪಾಪ ಒಬ್ಬ ಹುಡುಗ ಏಣಿ ಹೊತ್ತು ಬಂದು ಕಂಬ ಹತ್ತಿದ. ಒಂದೂವರೆ ತಾಸು ಹುಡುಕಿದ. ನಾನು ಒಳಗೆ ಕೂತು ಮಜ್ಜಿಗೆ ಕಳಿಸಿಕೊಟ್ಟೆ. ಹೊರಗೆ ಹೋಗಿ ಹೇಳೋ ಧೈರ್ಯ ಆಗಲಿಲ್ಲ. ಮಗಳಿಗೆ ನಿಜ ಗೊತ್ತಾಗಿದ್ದು ಅವಳಿಗೇ ರೂಟರ್ ಸೆಟ್ಟಿಂಗ್ ಒಳಗೆ ಹೋಗೋಕೆ ಬಂದಾಗ. ಅವತ್ತಿಂದ ಮನೆಯಲ್ಲಿ ಕರೆಂಟ್ ಹೋದ್ರೂ "ಅಪ್ಪಾ, ನೀವ ಏನ್ರಿ?" ಅಂತಾಳೆ. ಈಗ ಇಂಜಿನಿಯರಿಂಗ್ ಓದ್ತಿದ್ದಾಳೆ. ಇನ್ನೂ ಕೇಳ್ತಾಳೆ.

ಇಷ್ಟೆಲ್ಲ ಗೊತ್ತಿದ್ದವನು ಇವತ್ತು ಆ ಹುಡುಗನಿಗೆ ಏನು ಹೇಳಿದೆ? "ಸ್ಟಾಕ್ ಇಲ್ಲಪಾ."

ಅವನು ನನ್ನ ಹಿಂದಿನ ಶೆಲ್ಫ್ ನೋಡಿದ. ಮೂರು ಡಬ್ಬಿ ಇದ್ದವು, ಮೇಲೆ ಎಸ್‌ಎಂಪಿಎಸ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ. "ಅವು ಬ್ಯಾರೆಯವರ ಆರ್ಡರ್," ಅಂದೆ. ರೊಕ್ಕ ವಾಪಸ್ ಕಂಪಾಸ್ ಡಬ್ಬಿಗೆ ಹಾಕಿಕೊಂಡ.

ಅವನ ಸೈಕಲ್ ಇನ್ನೂ ಮೂಲೆ ತಿರುಗಿರಲಿಲ್ಲ, ಅವರಪ್ಪನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮೂರು ಸಲ ಮಾಡಿದೆ. ಇದನ್ನ ಬರೆಯೋವರೆಗೂ ವಾಪಸ್ ಫೋನ್ ಬಂದಿಲ್ಲ. ಗಡಿಬಿಡಿ ಯಾಕಂದ್ರೆ, ಹುಡುಗ ಮೆಟ್ಟಿಲು ಇಳಿಯುವಾಗ ತಿರುಗಿ ಹೇಳಿದ:

"ಸೋಮವಾರ ಬರತೀನ್ರಿ ಕಾಕಾ. ಅಲ್ಲೀತನಕ ಈವೆಂಟ್ ವ್ಯೂವರ್ ಅಂತ ಒಂದು ಐತಂತ, ಅದರಾಗ ನೋಡತೀನಿ."